ಕಾರ್ಮೆನ್ ಮಿರಾಂಡಾ ನೆನಪಿಗೆ ಹಣ್ಣಿನ ಸಲಾಡ್ ಬೇಡ, ಸೀಮೆಬದನೆ ಸಿಗಡಿ ಮಾಡಿ

ಹಳೇ ಹಾಲಿವುಡ್ ಮ್ಯೂಸಿಕಲ್ ಇಷ್ಟಪಡೋರು ನಾಲ್ಕು ಜನ ಸೇರಿ ಬ್ರೆಜಿಲ್‌ನ ಗಾಯಕಿ, ನಟಿ ಕಾರ್ಮೆನ್ ಮಿರಾಂಡಾ ಸಿನಿಮಾ ಹಾಕ್ಕೊಂಡು ಕೂತ್ರೆ ತಿನ್ನೋಕೆ ಏನು ಮಾಡ್ತಾರೆ, ಹಣ್ಣಿನ ಸಲಾಡು, ಇಲ್ಲಾಂದ್ರೆ ಬಾಳೆಹಣ್ಣು ಹಾಕಿದ ಐಸ್‌ಕ್ರೀಮು. ಯಾಕಂದ್ರೆ ಸಿನಿಮಾದಲ್ಲಿ ಅವಳ ತಲೆ ಮೇಲೆ ಹಣ್ಣಿನ ಬುಟ್ಟಿ ಇರ್ತಿತ್ತು, ಅಷ್ಟೇ ಕಾರಣ. ನಾನೂ ಎರಡು ಮೂರು ವರ್ಷ ಅದನ್ನೇ ಮಾಡಿದ್ದೆ. ಆಮೇಲೆ 1940ರಲ್ಲಿ ಅವಳು ರೆಕಾರ್ಡ್ ಮಾಡಿದ ಒಂದು ಹಾಡನ್ನ ಅರ್ಥ ಹುಡುಕ್ಕೊಂಡು ಕೂತು ಕೇಳಿದಾಗ ಗೊತ್ತಾಯ್ತು, ಊಟದ ಹೊತ್ತಿಗೆ ತನಗೆ ಏನು ಬೇಕು ಅಂತ ಆ ಹಾಡಲ್ಲಿ ಅವಳೇ ಬಾಯ್ಬಿಟ್ಟು ಹೇಳಿದ್ದಾಳೆ, ಹಣ್ಣಲ್ಲ, ಐಸ್‌ಕ್ರೀಮಲ್ಲ, ಸೀಮೆಬದನೆಕಾಯಿ ಹಾಕಿ ಬೇಯಿಸಿದ ಸಿಗಡಿ. ಹೌದು, ನಾವು ಸಾಂಬಾರಿಗೆ ಹಾಕೋ ಅದೇ ಸೀಮೆಬದನೆ! ಅವತ್ತಿಂದ ನಮ್ಮನೇಲಿ ಕಾರ್ಮೆನ್ ದಿನ ಅಂದ್ರೆ ಇದೇ ಅಡುಗೆ.

ಅಡುಗೆಗೆ ಮುಂಚೆ ಆ ಹಾಡಿನ ಕತೆ ಹೇಳ್ಬೇಕು, ಇಲ್ಲದಿದ್ರೆ ಇದೊಂದು ಸಪ್ಪೆ ಪಲ್ಯದ ಥರ ಕಾಣುತ್ತೆ.

ಕಾರ್ಮೆನ್ ಹುಟ್ಟಿದ್ದು 1909ರ ಫೆಬ್ರವರಿ 9ಕ್ಕೆ, ಪೋರ್ಚುಗಲ್‌ನಲ್ಲಿ. ಒಂದು ವರ್ಷ ತುಂಬೋಕೆ ಮುಂಚೆನೇ ಮನೆಯವರು ಬ್ರೆಜಿಲ್‌ಗೆ ಕರ್ಕೊಂಡು ಹೋದ್ರು, ಬೆಳೆದಿದ್ದೆಲ್ಲ ರಿಯೊ ಡಿ ಜನೈರೊದಲ್ಲಿ. ಅಪ್ಪ ಕ್ಷೌರದ ಕೆಲಸ ಮಾಡ್ತಿದ್ರು, ಇವಳು ಹುಡುಗಿಯಾಗಿದ್ದಾಗ ಟೈ ಅಂಗಡೀಲಿ, ಆಮೇಲೆ ಹ್ಯಾಟ್ ಅಂಗಡೀಲಿ ಕೆಲಸಕ್ಕಿದ್ಲು, ಮುಂದೆ ತನ್ನ ರುಮಾಲುಗಳನ್ನ ಕೈಯಾರೆ ಕಟ್ಕೊಳ್ಳೋ ಕೈಚಳಕ ಬಂದಿದ್ದು ಅಲ್ಲಿಂದ. 1930ರಲ್ಲಿ ಬಂದ ಒಂದು ರೆಕಾರ್ಡಿಂದ ಬ್ರೆಜಿಲ್‌ನಲ್ಲಿ ಮನೆಮಾತಾದ್ಲು. 1939ರಲ್ಲಿ ನ್ಯೂಯಾರ್ಕಿನ ನಾಟಕರಂಗ ಬ್ರಾಡ್‌ವೇಗೆ ಹೋದ್ಲು, ಮುಂದಿನ ವರ್ಷ ಹಾಲಿವುಡ್ ಸಿನಿಮಾಗೂ ಬಂದ್ಲು. ಅಮೆರಿಕ ಸರ್ಕಾರಕ್ಕೂ ಆಗ ಲ್ಯಾಟಿನ್ ಅಮೆರಿಕದ ದೇಶಗಳ ಸ್ನೇಹ ಬೇಕಿತ್ತು, ಯೂರೋಪಲ್ಲಿ ಯುದ್ಧ ಶುರುವಾಗಿತ್ತು, ಹಾಗಾಗಿ ಇವಳಂಥ ಕಲಾವಿದೆಗೆ ಬಾಗಿಲು ಬೇಗ ತೆಗೀತು.

1940ರ ಜುಲೈನಲ್ಲಿ ಅವಳು ರಿಯೊಗೆ ವಾಪಸ್ ಬಂದಾಗ ಬೀದಿ ತುಂಬ ಜನ. ಆದ್ರೆ ಕ್ಯಾಸಿನೊ ಡ ಉರ್ಕಾದಲ್ಲಿ ಕಾರ್ಯಕ್ರಮ ಕೊಟ್ಟಾಗ, ಎದುರಿಗೆ ಕೂತಿದ್ದ ದೊಡ್ಡ ಮನೆತನದೋರು, ಸರ್ಕಾರದೋರು ಮುಖ ಗಂಟು ಹಾಕ್ಕೊಂಡು ಕೂತ್ರು. ಅವಳು ಇಂಗ್ಲಿಷಲ್ಲಿ ನಮಸ್ಕಾರ ಹೇಳಿದ್ದು, ಇಂಗ್ಲಿಷ್ ಸಾಲಿರೋ ಹಾಡು ಹಾಡಿದ್ದು ಅವರಿಗೆ ಹಿಡಿಸ್ಲಿಲ್ಲ, ಅಮೆರಿಕದವಳಾಗಿಬಿಟ್ಲು ಅಂದ್ಕೊಂಡ್ರು. ಚಪ್ಪಾಳೆ ಇಲ್ಲ. ಆ ನೋವನ್ನ ಯೋಚನೆ ಮಾಡಿ, ಸ್ವಂತ ಊರಲ್ಲಿ ಸ್ವಂತ ಜನರ ಮುಂದೆ ಹಾಗಾಗೋದು. ಅವಳು ಎರಡು ತಿಂಗಳು ಬಿಟ್ಟು ಅದೇ ಜಾಗಕ್ಕೆ ಹೊಸ ಹಾಡುಗಳ ಜೊತೆ ಬಂದ್ಲು, ಅದ್ರಲ್ಲೊಂದು ವಿಸೆಂಚಿ ಪೈವಾ ಮತ್ತು ಲುಯಿಜ್ ಪೇಶೊಟೊ ಬರೆದಿದ್ದು, ನಾನು ಅಮೆರಿಕದವಳಾಗಿ ವಾಪಸ್ ಬಂದೆ ಅಂದ್ರಂತೆ ಅನ್ನೋ ಅರ್ಥದ ಹಾಡು. ನಾನು ಹೇಗೆ ಬದಲಾಗ್ತೀನಿ, ನಮ್ಮ ಸಾಂಬಾ ಸಂಗೀತದ ಜೊತೆ ಹುಟ್ಟಿ ಬೆಳೆದವಳು ಅಂತೆಲ್ಲ ಹೇಳಿ ಕೊನೆಗೆ ಊಟಕ್ಕೆ ಬರ್ತಾಳೆ, ಊಟದ ಹೊತ್ತಾದ್ರೆ ನಾನು ಸೀಮೆಬದನೆ ಸಿಗಡಿಯವಳು ಅಂತ. ಈ ಸಲ ಚಪ್ಪಾಳೆ ನಿಲ್ಲಲಿಲ್ಲ. ರಿಯೊದಲ್ಲಿ ಇದು ಮನೆಮನೆ ಊಟ, ಹೋಟೆಲ್ ಮೆನುವಿನ ದೊಡ್ಡಸ್ತಿಕೆಯ ಪದಾರ್ಥ ಅಲ್ಲ. ನಮ್ಮೋರು ಯಾರಾದ್ರೂ ಹೊರದೇಶಕ್ಕೆ ಹೋಗಿ ಬಂದು, ನಂಗೆ ಇವತ್ತಿಗೂ ಮುದ್ದೆ ಬಸ್ಸಾರೇ ಬೇಕು ಅಂದ್ರೆ ಹೇಗಿರುತ್ತೋ ಹಾಗೆ.

ಪೋರ್ಚುಗೀಸಲ್ಲಿ ಈ ಅಡುಗೆ ಹೆಸರು ಕಮರಾಂವ್ ಎನ್ಸೊಪಾಜಿನ್ಯು ಕೋಂ ಶುಶು. ಕಮರಾಂವ್ ಅಂದ್ರೆ ಸಿಗಡಿ, ಶುಶು ಅಂದ್ರೆ ಸೀಮೆಬದನೆ, ಮಧ್ಯದ ಪದಕ್ಕೆ ರಸ ಇರೋ ಹಾಗೆ ಬೇಯಿಸಿದ್ದು ಅಂತ, ಮುದ್ದು ಮಾಡಿ ಹೇಳೋ ರೂಪದಲ್ಲಿ. ಸೀಮೆಬದನೆ ಬಳ್ಳಿ ಅಲ್ಲೂ ಬೇಲಿ ಮೇಲೆ ಹಬ್ಬಿ ಲೆಕ್ಕ ಇಲ್ಲದಷ್ಟು ಕಾಯಿ ಬಿಡುತ್ತೆ, ಅದಕ್ಕೇ ಅವರ ಆಡುಮಾತಲ್ಲಿ ಯಾವುದಾದ್ರೂ ಬೇಕಾದಷ್ಟಿದೆ ಅನ್ನೋಕೆ ಪ್ರಾ ಶುಶು ಅಂತಾರೆ.

ಈಗ ಅಡುಗೆ. ನಾಲ್ಕು ಜನಕ್ಕೆ ಲೆಕ್ಕ.

ಸಿಗಡಿ ತರೋದು. ಕುಂದಾಪುರದ ಕಡೆ ಚಟ್ಲಿ, ತುಳುವಲ್ಲಿ ಎಟ್ಟಿ, ಕೊಂಕಣಿಯೋರಿಗೆ ಸುಂಗಟ, ಎಲ್ಲ ಒಂದೇ. ತಲೆ ಸಿಪ್ಪೆ ಸಮೇತ ಇರೋದನ್ನೇ ತನ್ನಿ, 750 ಗ್ರಾಂ ಬೇಕು, ಮಧ್ಯಮ ಗಾತ್ರದ್ದು ಸಾಕು. ಸುಲಿದು ಪ್ಯಾಕ್ ಮಾಡಿದ್ದು ತಂದ್ರೆ ಕೆಲಸ ಕಮ್ಮಿ ನಿಜ, ಆದ್ರೆ ಈ ಅಡುಗೆಯ ರುಚಿ ಮುಕ್ಕಾಲು ಭಾಗ ಇರೋದು ಆ ತಲೆ ಮತ್ತು ಸಿಪ್ಪೇಲಿ, ಬಿಸಾಕಿದ್ರೆ ಹೋಯ್ತು. ತಲೆ ಮೈಗೆ ಗಟ್ಟಿಯಾಗಿ ಅಂಟ್ಕೊಂಡಿರ್ಬೇಕು, ಕಪ್ಪಾಗಿರಬಾರದು, ಅಮೋನಿಯಾ ಥರ ವಾಸನೆ ಬಂದ್ರೆ ಅಲ್ಲೇ ಬಿಟ್ಟು ಬನ್ನಿ. ಕಾರ್ಮೆನ್ ತೀರಿಕೊಂಡಿದ್ದು ಆಗಸ್ಟ್ 5, ಆ ದಿನಕ್ಕೆ ಮಾಡೋದಾದ್ರೆ ನಮ್ಮ ಕರಾವಳೀಲಿ ಜೂನ್ ಜುಲೈ ಎರಡು ತಿಂಗಳ ಯಾಂತ್ರಿಕ ಮೀನುಗಾರಿಕೆ ನಿಷೇಧ ಆಗಷ್ಟೇ ಮುಗಿದಿರುತ್ತೆ, ಮಳೆ ಗಾಳಿ ನೋಡ್ಕೊಂಡು ಬೋಟುಗಳು ಹೊರಡ್ತಿರ್ತವೆ, ಹಾಗಾಗಿ ಹಿಂದಿನ ದಿನವೇ ಮೀನಿನವರನ್ನ ಕೇಳಿ ಇಟ್ಕೊಳ್ಳಿ. ಫೆಬ್ರವರಿ 9ರ ಹುಟ್ಟಿದ ದಿನಕ್ಕೆ ಈ ತಲೆನೋವು ಇರಲ್ಲ.

ಸೀಮೆಬದನೆ ಮೂರು, ಎಳೇದು, ತಿಳಿ ಹಸಿರು, ಉಗುರು ಒತ್ತಿದ್ರೆ ಒಳಗೆ ಹೋಗ್ಬೇಕು. ಬುಡದ ಬಿರುಕಲ್ಲಿ ಮೊಳಕೆ ಇಣುಕಿದ್ರೆ ಬಲಿತಿದೆ ಅಂತ, ಬೇಡ. ಇನ್ನು ದೊಡ್ಡ ಈರುಳ್ಳಿ ಒಂದು, ಬೆಳ್ಳುಳ್ಳಿ ಐದಾರು ಎಸಳು, ಚೆನ್ನಾಗಿ ಹಣ್ಣಾದ ಟೊಮೇಟೊ ಮೂರು, ನಿಂಬೆಹಣ್ಣು ಒಂದು, ಎಣ್ಣೆ ಮೂರು ದೊಡ್ಡ ಚಮಚ (ಅಲ್ಲಿ ಆಲಿವ್ ಎಣ್ಣೆ ಹಾಕೋರು ಜಾಸ್ತಿ, ಸೂರ್ಯಕಾಂತಿ ಆದ್ರೂ ನಡೆಯುತ್ತೆ, ಸಾಸಿವೆ ಎಣ್ಣೆ ಮಾತ್ರ ಬೇಡ), ಉಪ್ಪು, ಕಾಳುಮೆಣಸು, ಈರುಳ್ಳಿ ಸೊಪ್ಪು ಒಂದು ಹಿಡಿ, ಪಾರ್ಸ್ಲಿ ಒಂದು ಹಿಡಿ. ಪಾರ್ಸ್ಲಿ ಸಿಗದಿದ್ರೆ ಕೊತ್ತಂಬರಿ ಹಾಕಿ, ಬ್ರೆಜಿಲ್‌ನ ಈಶಾನ್ಯದ ಕಡೆಯವರು ಕೊತ್ತಂಬರಿನೇ ಹಾಕೋದು, ಆದ್ರೆ ಅರ್ಧ ಹಿಡಿ ಸಾಕು ಇಲ್ಲಾಂದ್ರೆ ನಮ್ಮ ಸಾರಿನ ವಾಸನೆ ಬಂದ್ಬಿಡುತ್ತೆ.

ಮೊದಲು ಸಿಗಡಿ ಬಿಡಿಸಿ, ತಲೆ ಸಿಪ್ಪೆ ಒಂದು ಪಾತ್ರೆಗೆ, ಮಾಂಸ ಇನ್ನೊಂದಕ್ಕೆ. ಬೆನ್ನ ಮೇಲೆ ಚಾಕು ತುದಿಯಿಂದ ಗೀರಿ ಕಪ್ಪು ದಾರ ತೆಗೀರಿ. ತೊಳೆದು, ನೀರು ಪೂರ್ತಿ ಸೋಸಿ, ಅರ್ಧ ನಿಂಬೆ ರಸ, ಎರಡು ಎಸಳು ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಉಪ್ಪು, ಮೆಣಸಿನ ಪುಡಿ ಅಂದ್ರೆ ಕಾಳುಮೆಣಸಿನ ಪುಡಿ ಹಾಕಿ ಕಲಸಿ ಇಡಿ. 15 ನಿಮಿಷಕ್ಕಿಂತ ಜಾಸ್ತಿ ಬೇಡ, ನಿಂಬೆ ಹುಳಿಗೆ ಮಾಂಸ ಬೆಂದ ಹಾಗೆ ಬೆಳ್ಳಗಾಗಿ ಗಟ್ಟಿಯಾಗೋಕೆ ಶುರುವಾಗುತ್ತೆ. ಹಾಗಾಗಿ ಈ ಕೆಲಸನ ಮುಂಚೆನೇ ಮಾಡಿ ಇಡ್ಬೇಡಿ, ಸೀಮೆಬದನೆ ಬೇಯ್ತಾ ಇರೋವಾಗ ಕಲಸಿ.

ಇನ್ನು ತಲೆ ಸಿಪ್ಪೆಯಿಂದ ತೆಗೆಯೋ ರಸ, ಅದೇ ಮುಖ್ಯ. ಬಾಣಲೇಲಿ ಒಂದು ಚಮಚ ಎಣ್ಣೆ ಬಿಸಿ ಮಾಡಿ ತಲೆ ಸಿಪ್ಪೆ ಎಲ್ಲ ಹಾಕಿ ಜೋರು ಉರೀಲಿ ಹುರೀರಿ, ಬೂದು ಬಣ್ಣ ಹೋಗಿ ಕೆಂಪು ಕಿತ್ತಳೆ ಬಣ್ಣ ಬರುತ್ತೆ, ಮನೆಯೆಲ್ಲ ಘಮ ಅನ್ನುತ್ತೆ. ಸೌಟಿನ ಹಿಂಭಾಗದಿಂದ ತಲೆಗಳನ್ನ ಒತ್ತಿ ಒತ್ತಿ ಜಜ್ಜಿ, ಒಳಗಿರೋದೆಲ್ಲ ಹೊರಗೆ ಬರಲಿ. ಮೂರು ಲೋಟ ನೀರು ಹಾಕಿ, ಮೇಲೆ ಬರೋ ನೊರೆ ತೆಗೀತಾ ಸಣ್ಣ ಉರೀಲಿ 20 ನಿಮಿಷ. ಅದಕ್ಕಿಂತ ಹೆಚ್ಚು ಕುದಿಸಿದ್ರೆ ಕಹಿ ಬರುತ್ತೆ. ಸಣ್ಣ ಜಾಲರೀಲಿ ಸೋಸಿ, ಒತ್ತಿ ಹಿಂಡಿ. ಸುಮಾರು ಎರಡು ಲೋಟ ಕಿತ್ತಳೆ ಬಣ್ಣದ ನೀರು ಸಿಗುತ್ತೆ.

ಸೀಮೆಬದನೆ ಸಿಪ್ಪೆ ತೆಗೆಯೋವಾಗ ಕೈಗೆ ಸೊನೆ ಅಂಟುತ್ತಲ್ಲ, ಅಂಟಿದ ಮೇಲೆ ಚರ್ಮ ಬಿಗಿದ ಹಾಗಾಗುತ್ತೆ. ನೀರಿನೊಳಗೆ ಹಿಡ್ಕೊಂಡು ಸಿಪ್ಪೆ ತೆಗೀರಿ, ಇಲ್ಲಾ ಕೈಗೆ ಎಣ್ಣೆ ಸವರ್ಕೊಳ್ಳಿ. ಉದ್ದಕ್ಕೆ ನಾಲ್ಕು ಹೋಳು ಮಾಡಿ, ಒಳಗಿನ ಬೀಜ ಎಳೇದಾಗಿದ್ರೆ ಹಾಗೇ ಬಿಡಿ, ತಿನ್ನೋಕೆ ಚೆನ್ನಾಗಿರುತ್ತೆ. ಆಮೇಲೆ ಹೆಬ್ಬೆರಳ ಉಗುರಿನಷ್ಟು ಚೌಕ ತುಂಡುಗಳು. ಪಲ್ಯಕ್ಕೆ ಹೆಚ್ಚೋ ಹಾಗೆ ಸಣ್ಣಕ್ಕೆ ಬೇಡ, ಕರಗಿಹೋಗುತ್ತೆ.

ದಪ್ಪ ತಳದ ಪಾತ್ರೇಲಿ ಉಳಿದ ಎಣ್ಣೆ, ಈರುಳ್ಳಿ ಸಣ್ಣಗೆ ಹೆಚ್ಚಿ ಹಾಕಿ, ಬಾಡಲಿ, ಕೆಂಪಾಗೋದು ಬೇಡ. ಬೆಳ್ಳುಳ್ಳಿ, ಒಂದು ನಿಮಿಷ ಬಿಟ್ಟು ಟೊಮೇಟೊ, ಚಿಟಿಕೆ ಉಪ್ಪು. ಟೊಮೇಟೊ ಕರಗಿ ಎಣ್ಣೆ ಬಿಡೋವರೆಗೂ ಕಾಯಿರಿ, 8–10 ನಿಮಿಷ ಬೇಕು. ಈಗ ಸೀಮೆಬದನೆ ಹಾಕಿ ಎರಡು ನಿಮಿಷ ಕೈಯಾಡಿಸಿ, ಸೋಸಿಟ್ಟ ಸಿಗಡಿ ನೀರು ಒಂದೂವರೆ ಲೋಟ ಹುಯ್ಯಿರಿ, ಮುಚ್ಚಳ ಓರೆಯಾಗಿ ಮುಚ್ಚಿ ಮಧ್ಯಮ ಉರೀಲಿ 12 ನಿಮಿಷ. ಚಾಕು ಚುಚ್ಚಿದ್ರೆ ಸಲೀಸಾಗಿ ಹೋಗ್ಬೇಕು, ಆದ್ರೆ ತುಂಡು ತುಂಡಾಗೇ ಇರ್ಬೇಕು. ಕುಕ್ಕರ್ ಬೇಡ ದಯವಿಟ್ಟು, ಒಂದು ಕೂಗಿಗೇ ಗೊಜ್ಜಾಗುತ್ತೆ.

ಇಲ್ಲಿ ಒಂದು ಮಾತು. ಈ ಹಂತಕ್ಕೆ ಬಂದಾಗ ನಮ್ಮ ಕೈ ತಾನಾಗೇ ಅರಿಶಿನದ ಡಬ್ಬಿ ಕಡೆ, ಖಾರದ ಪುಡಿ ಕಡೆ ಹೋಗುತ್ತೆ, ತೆಂಗಿನಕಾಯಿ ರುಬ್ಬೋಣ ಅನ್ಸುತ್ತೆ, ಹುಣಸೆಹುಳಿ ನೆನಪಾಗುತ್ತೆ. ಹಾಕ್ಬೇಡಿ. ಹಾಕಿದ್ರೆ ಗಸಿ ಆಗುತ್ತೆ, ಗಸಿ ಬಹಳ ಒಳ್ಳೇ ಅಡುಗೆ, ಆದ್ರೆ ಅದು ಕಾರ್ಮೆನ್ ಹಾಡಿದ್ದಲ್ಲ. ಕರಾವಳಿಯವರಿಗೆ ಇದರ ಒಳಗುಟ್ಟು ಚೆನ್ನಾಗಿ ಗೊತ್ತು, ಸೌತೆಕಾಯಿ ಜೊತೆ ಎಟ್ಟಿ, ಬಸಳೆ ಜೊತೆ ಎಟ್ಟಿ ಯಾಕೆ ಹಾಕ್ತಾರೆ, ನೀರಿನಂಶ ಇರೋ ತರಕಾರಿ ಸಿಗಡಿಯ ರುಚಿನೆಲ್ಲ ಕುಡಿಯುತ್ತೆ ಅಂತ ತಾನೆ. ಇಲ್ಲೂ ಅದೇ. ಸೀಮೆಬದನೆಗೆ ಸ್ವಂತ ರುಚಿ ಕಮ್ಮಿ, ಬ್ರೆಜಿಲ್‌ನೋರೂ ಸಪ್ಪೆ ಅಂದ್ರೆ ಅದನ್ನೇ ಉದಾಹರಣೆ ಕೊಡ್ತಾರೆ, ಆ ಸಪ್ಪೆತನವೇ ಇಲ್ಲಿ ಬೇಕಾಗಿರೋದು, ಸಿಪ್ಪೆಯಿಂದ ತೆಗೆದ ಆ ರಸವನ್ನ ಪೂರ್ತಿ ಹೀರ್ಕೊಂಡು ಕೊನೆಗೆ ತುಂಡು ಬಾಯಿಗೆ ಇಟ್ರೆ ಸಿಗಡಿಗಿಂತ ತರಕಾರಿನೇ ರುಚಿ ಅನ್ಸುತ್ತೆ. ಮಸಾಲೆ ಬಿದ್ರೆ ಇದು ಗೊತ್ತಾಗಲ್ಲ. ಖಾರ ಬೇಕೇ ಬೇಕು ಅನ್ನೋರಿಗೆ ಹಸಿಮೆಣಸಿನಕಾಯಿ ನಿಂಬೆ ರಸದಲ್ಲಿ ನೆನೆಸಿ ಪಕ್ಕದಲ್ಲಿಡಿ. ಸ್ವಲ್ಪ ತೆಂಗಿನ ಹಾಲು ಸೇರಿಸೋ ಮನೆಗಳೂ ಇವೆ, ಅದು ಬ್ರೆಜಿಲ್‌ನ ಈಶಾನ್ಯದ ಬಹಿಯಾ ರಾಜ್ಯದ ರುಚಿಗೆ ವಾಲುತ್ತೆ, ನಾನು ಸೇರಿಸಲ್ಲ.

ತರಕಾರಿ ಬೆಂದ ಮೇಲೆ ಉಪ್ಪು ನೋಡಿ, ಉರಿ ಜಾಸ್ತಿ ಮಾಡಿ, ಸಿಗಡಿ ಹಾಕಿ. ಮೂರರಿಂದ ನಾಲ್ಕು ನಿಮಿಷ, ಅಷ್ಟೇ. ನಾನು ಮೊದಲ ಸಲ ತರಕಾರಿ ಜೊತೇಲೇ ಹಾಕಿದ್ದೆ, ರಬ್ಬರ್ ಆಗಿತ್ತು. ಸಿಗಡಿ ಅರ್ಧಚಂದ್ರನ ಹಾಗೆ ಬಾಗಿ ಗುಲಾಬಿ ಬಣ್ಣ ಬಂದ್ರೆ ಆಯ್ತು, ಬಳೆ ಥರ ಪೂರ್ತಿ ಸುತ್ಕೊಂಡ್ರೆ ಬೆಂದಿದ್ದು ಜಾಸ್ತಿಯಾಯ್ತು. ಒಲೆ ಆರಿಸಿ, ಈರುಳ್ಳಿ ಸೊಪ್ಪು, ಪಾರ್ಸ್ಲಿ, ಉಳಿದರ್ಧ ನಿಂಬೆ ಹಿಂಡಿ ಮುಚ್ಚಿಡಿ. ರಸ ಸಾರಿನಷ್ಟು ತೆಳ್ಳಗೂ ಬೇಡ, ಗೊಜ್ಜಿನಷ್ಟು ಗಟ್ಟಿನೂ ಬೇಡ, ಅನ್ನಕ್ಕೆ ಹಾಕಿದ್ರೆ ಇಳಿಯೋ ಹಾಗಿರಲಿ, ಗಟ್ಟಿ ಆಗಿದ್ರೆ ಉಳಿಸಿದ ಅರ್ಧ ಲೋಟ ಸಿಗಡಿ ನೀರು ಇದೆಯಲ್ಲ, ಕುದಿಸಿ ಸೇರಿಸಿ.

ಜೊತೆಗೆ ಅನ್ನ, ಆದ್ರೆ ಅವರ ರೀತಿ. ಎರಡು ಲೋಟ ಅಕ್ಕಿ ತೊಳೆದು ನೀರು ಸೋಸಿ, ಎಣ್ಣೇಲಿ ಜಜ್ಜಿದ ಬೆಳ್ಳುಳ್ಳಿ ಹುರಿದು, ಅಕ್ಕಿ ಹಾಕಿ ಮೂರು ನಿಮಿಷ ಹುರಿದು, ಕುದಿಯೋ ನೀರು ನಾಲ್ಕು ಲೋಟ, ಉಪ್ಪು, ಮುಚ್ಚಿ ಸಣ್ಣ ಉರಿ. ಸೋನಾ ಮಸೂರಿ ಸಾಕು. ಮರಗೆಣಸಿನ ಹಿಟ್ಟನ್ನ ಬೆಣ್ಣೇಲಿ ಹುರಿದ ಫರೋಫಾ ಅಂತ ಒಂದು ಪುಡಿ ಅಲ್ಲಿ ಪಕ್ಕಕ್ಕೆ ಇರುತ್ತೆ, ಆ ತರಿ ತರಿ ಹಿಟ್ಟು ಇಲ್ಲಿ ಸುಲಭಕ್ಕೆ ಸಿಗಲ್ಲ, ರವೆ ಹಾಕಿದ್ರೆ ಆ ರುಚಿ ಬರಲ್ಲ, ಬಿಟ್ಬಿಡಿ.

ಸಿಗಡಿ ತಿನ್ನದವರು ಬಂದ್ರೆ? ಅವರಿಗೆ ಕೂಡ ಕಾರ್ಮೆನ್‌ಗೆ ಸಂಬಂಧಪಟ್ಟಿದ್ದೇ ಕೊಡಬಹುದು, ಅಲಸಂದೆ ವಡೆ. ಇದು ಸುಮ್ಮನೆ ಹೇಳ್ತಿಲ್ಲ. ಅವಳ ಆ ಉಡುಗೆ ಇದೆಯಲ್ಲ, ರುಮಾಲು, ಸರ, ಬಳೆ, ಅಗಲದ ಲಂಗ, ಅದು ಬ್ರೆಜಿಲ್‌ನ ಬಹಿಯಾದಲ್ಲಿ ಬೀದೀಲಿ ತಿಂಡಿ ಮಾರೋ ಕಪ್ಪು ಹೆಂಗಸರದ್ದು, ಅವರನ್ನ ಬಯಾನಾ ಅಂತಾರೆ. 1939ರ ಒಂದು ಬ್ರೆಜಿಲ್ ಸಿನಿಮಾದಲ್ಲಿ, ಬಯಾನಾ ಏನೇನು ತೊಟ್ಟಿರ್ತಾಳೆ ಅಂತ ಪಟ್ಟಿ ಮಾಡೋ ದೊರಿವಲ್ ಕೈಮಿಯ ಹಾಡಿಗೆ ಕಾರ್ಮೆನ್ ಆ ವೇಷ ಹಾಕಿದ್ಲು, ತಲೆ ಮೇಲೆ ಪುಟ್ಟ ಹಣ್ಣಿನ ಬುಟ್ಟಿನೂ ಅಲ್ಲಿಂದಲೇ. ಹಾಲಿವುಡ್ ಆ ಬುಟ್ಟಿನ ದೊಡ್ಡದು ಮಾಡ್ತಾ ಹೋಯ್ತು, 1943ರಲ್ಲಿ ಬಸ್ಬಿ ಬರ್ಕ್ಲಿ ನಿರ್ದೇಶನದ ಸಿನಿಮಾದಲ್ಲಂತೂ ಆಳೆತ್ತರ ಮೀರಿದ ಬಾಳೆಹಣ್ಣುಗಳು ನರ್ತಕಿಯರ ಕೈಲಿ. ಮುಂದಿನ ವರ್ಷ ಒಂದು ಬಾಳೆಹಣ್ಣಿನ ಕಂಪನಿಯ ಜಾಹೀರಾತಿಗೂ ಅವಳನ್ನ ಹೋಲೋ ಗೊಂಬೆ ಬಂತು. ಸಂಬಳದಲ್ಲಿ ಅವಳು 1945ರಲ್ಲಿ 2 ಲಕ್ಷ ಡಾಲರ್ ದಾಟಿ ಅಮೆರಿಕದ ಹೆಂಗಸರಲ್ಲೇ ಮೊದಲಿಗಳಾದ್ಲು, ಆದ್ರೆ ಪಾತ್ರ ಮಾತ್ರ ಬದಲಾಗ್ಲಿಲ್ಲ, ಅದೇ ಹಣ್ಣು ಅದೇ ಮುರುಕು ಇಂಗ್ಲಿಷು. ಅದಕ್ಕೇ ನನಗೆ ಹಣ್ಣಿನ ಸಲಾಡ್ ಮಾಡೋಕೆ ಮನಸು ಬರಲ್ಲ.

ಆ ಬಯಾನಾಗಳು ಮಾರೋದು ಅಕರಾಜೆ, ಪಶ್ಚಿಮ ಆಫ್ರಿಕದ ಯೊರುಬಾ ಜನರಿಂದ ಬಂದ ತಿಂಡಿ. ಕಾಲು ಕೇಜಿ ಅಲಸಂದೆ ಕಾಳು ಆರು ಗಂಟೆ ನೆನೆಸಿ, ಕೈಯಲ್ಲಿ ಉಜ್ಜಿ ಸಿಪ್ಪೆ ತೇಲಿಸಿ ಪೂರ್ತಿ ತೆಗೀರಿ, ಬೇಜಾರಿನ ಕೆಲಸ ಆದ್ರೂ ತಪ್ಪಿಸ್ಬೇಡಿ. ನೀರು ಆದಷ್ಟೂ ಹಾಕದೆ ನುಣ್ಣಗೆ ರುಬ್ಬಿ, ಒಂದು ಈರುಳ್ಳಿ ತುರಿದು ಉಪ್ಪು ಸೇರಿಸಿ, ಮರದ ಸೌಟಲ್ಲಿ ಹತ್ತು ನಿಮಿಷ ಒಂದೇ ದಿಕ್ಕಿಗೆ ಬಡಿಯಿರಿ, ಉದ್ದಿನ ವಡೆ ಹಿಟ್ಟಿನ ಹಾಗೆ ಹಗುರಾಗುತ್ತೆ. ಎರಡು ಚಮಚದ ಮಧ್ಯೆ ಉಂಡೆ ಮಾಡಿ ಕಾದ ಎಣ್ಣೆಗೆ ಬಿಡಿ. ಅಲ್ಲಿ ಕೆಂಪು ತಾಳೆ ಎಣ್ಣೇಲಿ ಕರಿಯೋದು, ಆ ಬಣ್ಣ ನಮ್ಮೆಣ್ಣೇಲಿ ಬರಲ್ಲ, ರುಚಿ ಚೆನ್ನಾಗೇ ಇರುತ್ತೆ. ಶುಂಠಿ ಕರಿಬೇವು ಹಾಕೋ ಆಸೆ ತಡ್ಕೊಳ್ಳಿ. ಮಧ್ಯೆ ಸೀಳಿ, ಗೋಡಂಬಿ, ತೆಂಗಿನ ಹಾಲು, ನೆನೆಸಿದ ಬ್ರೆಡ್ ರುಬ್ಬಿ ಗಟ್ಟಿಯಾಗಿ ಕಾಯಿಸಿದ ಪೇಸ್ಟ್ ತುಂಬಿ. ಈ ಪೇಸ್ಟಿಗೆ ಅಲ್ಲಿ ವತಾಪಾ ಅಂತಾರೆ, ಅವರ ವತಾಪಾಗೆ ಒಣ ಸಿಗಡಿನೂ ಬೀಳುತ್ತೆ, ನೀವು ಬಿಡಿ. ಗೋಡಂಬಿ ಅಂದಾಗ ನೆನಪಾಯ್ತು, ನಮ್ಮ ಕರಾವಳಿಯ ಗೇರುಮರ ಮೂಲದಲ್ಲಿ ಬ್ರೆಜಿಲ್‌ದೇ, ಪೋರ್ಚುಗೀಸರು ಹಡಗಲ್ಲಿ ತಂದಿದ್ದು.

ಸಮಯ ಹೀಗೆ ಇಟ್ಕೊಳ್ಳಿ. ಸಿನಿಮಾ ಶುರುವಾಗೋಕೆ ಮುಂಚೆ ರಸ ತೆಗೆದು, ತರಕಾರಿ ಮುಕ್ಕಾಲು ಬೇಯಿಸಿ ಒಲೆ ಆರಿಸಿ, ಸಿಗಡಿ ಸುಲಿದು ಫ್ರಿಜ್‌ನಲ್ಲಿಡಿ, ನಿಂಬೆ ಹಾಕದೆ. ಸಿನಿಮಾ ಮುಗಿದ ಮೇಲೆ ಯಾರಾದ್ರೂ ಆ 1940ರ ಹಾಡು ಹಾಕಲಿ, ನೀವು ಒಳಗೆ ಹೋಗಿ ನಿಂಬೆ ಕಲಸಿ, ತರಕಾರಿ ಕುದಿಸಿ, ಸಿಗಡಿ ಹಾಕಿ ತನ್ನಿ, ಎಲ್ಲ ಸೇರಿ 20 ನಿಮಿಷ ಸಾಕು. ಎರಡನೇ ಸಲ ಹಾಡು ಹಾಕಿದಾಗ ತಟ್ಟೆ ಎದುರಿಗಿರುತ್ತೆ. ಆ ರೆಕಾರ್ಡ್ ಆದ ಮೇಲೆ ಅವಳು ಅಮೆರಿಕಕ್ಕೆ ವಾಪಸ್ ಹೋದವಳು 14 ವರ್ಷ ಬ್ರೆಜಿಲ್‌ಗೆ ಕಾಲಿಡಲಿಲ್ಲ, 1954ರ ಡಿಸೆಂಬರಲ್ಲಿ ಸುಸ್ತಾಗಿ ವಿಶ್ರಾಂತಿಗೆ ಅಂತ ಬಂದ್ಲು, ಮುಂದಿನ ಆಗಸ್ಟಲ್ಲಿ ಬೆವರ್ಲಿ ಹಿಲ್ಸ್ ಮನೇಲಿ ತೀರಿಕೊಂಡ್ಲು, ಟಿವಿ ಕಾರ್ಯಕ್ರಮದ ಶೂಟಿಂಗ್ ಮುಗಿಸಿ ಬಂದ ರಾತ್ರಿ, 46 ವರ್ಷ. ಮಣ್ಣು ಮಾಡಿದ್ದು ರಿಯೊದಲ್ಲೇ, ಬೀದಿ ತುಂಬ ಜನ ಅಳ್ತಾ ಹಾಡ್ತಾ ನಡೆದ್ರು. ಈ ವಿಷಯ ಗೊತ್ತಿದ್ದು ಆ ಹಾಡು ಕೇಳಿದ್ರೆ ಊಟದ ಸಾಲು ಬಂದಾಗ ಗಂಟಲು ಕಟ್ಟುತ್ತೆ ನನಗೆ, ಪ್ರತಿ ಸಲ.

ಉಳಿದ್ರೆ ಸಿಗಡಿ ಬೇರೆ, ರಸ ತರಕಾರಿ ಬೇರೆ ಮಾಡಿ ಫ್ರಿಜ್‌ನಲ್ಲಿಡಿ. ಮಾರನೇ ದಿನ ರಸ ಚೆನ್ನಾಗಿ ಕುದಿಸಿ ಒಲೆ ಸಣ್ಣ ಮಾಡಿ, ಸಿಗಡಿನ ಬಿಸಿ ಆಗೋವರೆಗೆ ಮಾತ್ರ ಅದರೊಳಗೆ ಬಿಡಿ. ಸೀಮೆಬದನೆ ಅಷ್ಟೊತ್ತಿಗೆ ಇನ್ನೂ ರಸ ಹೀರ್ಕೊಂಡಿರುತ್ತೆ, ನನಗಂತೂ ಮೊದಲ ದಿನಕ್ಕಿಂತ ಅದೇ ಇಷ್ಟ.